ಸೂಜಿಯ ವಿಷಯ ಡಾಕ್ಟರಿಗೆ ಹೇಳಿಬಿಡಿ: ನೋವಿನ ಮಾತ್ರೆಯ ನಶೆ ಮಿದುಳು, ಬೆನ್ನುಹುರಿಗೆ ಏನು ಮಾಡುತ್ತೆ?

ಊರಿಂದ ಫೋನ್ ಬರುತ್ತೆ. "ತಮ್ಮಗ ನಾಲ್ಕು ದಿನದಿಂದ ಬೆನ್ನು ನೋವು, ಸಣ್ಣಗ ಜ್ವರಾನೂ ಐತಿ. ಟ್ರ್ಯಾಕ್ಟರ್ ಓಡ್ಸಿ ಹಿಡ್ಕೊಂಡಿರಬೇಕು" ಅಂತಾರೆ ಅಮ್ಮ. ನೀವು ಬೆಂಗಳೂರಿನ ಪಿಜಿಯಲ್ಲೋ, ಪುಣೆಯ ಆಫೀಸಿನಲ್ಲೋ ಇದ್ದೀರಿ. "ಮುಲಾಮು ಹಚ್ಚಿ, ಎರಡು ದಿನ ರೆಸ್ಟ್ ಮಾಡಲಿ" ಅಂತ ಹೇಳಿ ಫೋನ್ ಇಡ್ತೀರಿ.

ಹೆಚ್ಚಿನ ಸಲ ಅದು ಬರೀ ಸ್ನಾಯು ನೋವೇ ಇರುತ್ತೆ, ವಾಸಿಯೂ ಆಗುತ್ತೆ. ಆದರೆ ತಮ್ಮ ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿ ಇದ್ದರೆ? ಗೆಳೆಯರ ಜೊತೆ ಸೇರಿ ನೋವಿನ ಮಾತ್ರೆಯನ್ನು ಸೂಜಿಯಲ್ಲಿ ರಕ್ತನಾಳಕ್ಕೆ ಏರಿಸಿಕೊಳ್ಳುವ ಚಟ ಇದ್ದರೆ? ಆಗ ಅದೇ ಬೆನ್ನು ನೋವು ಕೆಲವೇ ದಿನಗಳಲ್ಲಿ ಎರಡೂ ಕಾಲಿನ ಶಕ್ತಿ ತೆಗೆದುಬಿಡಬಹುದು.

ಈ ಲೇಖನ ಅದರ ಬಗ್ಗೆ. ನಶೆ ಕೆಟ್ಟದ್ದು ಅಂತ ಉಪದೇಶ ಮಾಡೋಕಲ್ಲ, ಅದು ಎಲ್ಲರಿಗೂ ಗೊತ್ತು. ಸೂಜಿಯ ನಶೆಯಿಂದ ನರಮಂಡಲಕ್ಕೆ ಆಗುವ ಹಾನಿಯಲ್ಲಿ ಎಷ್ಟೋ ಬೇಗ ಗುರುತಿಸಿದರೆ ತಪ್ಪಿಸಬಹುದಾದದ್ದು. ಅದನ್ನು ಮೊದಲು ನೋಡೋದು ಡಾಕ್ಟರ್ ಅಲ್ಲ, ಮನೆಯವರು ಮತ್ತು ಗೆಳೆಯರು.

ಹೆರಾಯಿನ್ ಅಲ್ಲ, ಮೆಡಿಕಲ್ ಶಾಪಿನ ಮಾತ್ರೆ

ಸೂಜಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಪಂಜಾಬು, ಮಣಿಪುರ, ಹೆರಾಯಿನ್. ಕರ್ನಾಟಕದ ಕಥೆ ಸ್ವಲ್ಪ ಬೇರೆ. ಇಲ್ಲಿ ವೈದ್ಯರು, ಪೊಲೀಸರು ಪದೇಪದೇ ಎದುರಿಸುತ್ತಿರುವ ಹೆಸರು ಟಪೆಂಟಾಡಾಲ್. ಆಪರೇಷನ್ ನಂತರದ ನೋವಿಗೆ, ನರದ ನೋವಿಗೆ ಕೊಡುವ ಮಾತ್ರೆ ಅದು. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವೈದ್ಯರು ಟಪೆಂಟಾಡಾಲ್ ದುರ್ಬಳಕೆ ಮತ್ತು ಅವಲಂಬನೆಯ ಬಗ್ಗೆ 2020ರಲ್ಲೇ ಏಷ್ಯನ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಬರೆದು ಎಚ್ಚರಿಸಿದ್ದರು. ಇದೇ ಔಷಧವನ್ನು ಕ್ಯಾರಿಸೊಪ್ರೊಡಾಲ್ ಜೊತೆ ಬೆರೆಸಿ ಭಾರತದಿಂದ ಪಶ್ಚಿಮ ಆಫ್ರಿಕಾಕ್ಕೆ ರಫ್ತು ಮಾಡುತ್ತಿದ್ದದ್ದು 2025ರ ಫೆಬ್ರುವರಿಯಲ್ಲಿ ಬಿಬಿಸಿ ತನಿಖೆಯಲ್ಲಿ ಬಯಲಾದ ಮೇಲೆ, ಆ ಮಿಶ್ರಣದ ತಯಾರಿಕೆ ಮತ್ತು ರಫ್ತಿಗೆ ಸರ್ಕಾರ ತಡೆ ಹಾಕಿತು.

ಅಂಕಿ ಬೇಕಾದರೆ ಇಲ್ಲಿದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 2.26 ಕೋಟಿ ಜನ, ಅಂದರೆ ಶೇ 2.1ರಷ್ಟು ಮಂದಿ ಯಾವುದಾದರೂ ಓಪಿಯಾಯ್ಡ್ ಬಳಸುತ್ತಾರೆ. ಓಪಿಯಾಯ್ಡ್ ಅಂದರೆ ಅಫೀಮು ಮತ್ತು ಅದರ ಹಾಗೆ ಕೆಲಸ ಮಾಡುವ ಎಲ್ಲ ಪದಾರ್ಥಗಳೂ ಸೇರಿದವು. ಸೂಜಿಯಲ್ಲಿ ನಶೆ ಮಾಡುವವರು ಸುಮಾರು 8.5 ಲಕ್ಷ.

ಇನ್ನೊಂದು ಗುಂಪು ಯಾರ ಲೆಕ್ಕಕ್ಕೂ ಸುಲಭವಾಗಿ ಸಿಗಲ್ಲ. ಆಸ್ಪತ್ರೆ, ಕ್ಲಿನಿಕ್‌ಗಳಲ್ಲೇ ಕೆಲಸ ಮಾಡುವವರು. ಸೂಜಿ ಹಾಕೋದು ಗೊತ್ತು, ಔಷಧ ಕೈಗೆ ಸಿಗುತ್ತೆ. ಪೆಂಟಾಜೊಸಿನ್ ಇಂಜೆಕ್ಷನ್ ಚಟ ಹತ್ತಿಸಿಕೊಂಡ ಇಂಥವರ ಬಗ್ಗೆ ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿ ದಶಕಗಳಿಂದ ವರದಿಗಳು ಬರುತ್ತಿವೆ. ಪದೇಪದೇ ಚುಚ್ಚಿದ ತೊಡೆ, ತೋಳಿನ ಸ್ನಾಯು ಮರದ ಹಲಗೆಯಂತೆ ಗಟ್ಟಿಯಾಗಿ, ಮಂಡಿ ಮಡಿಸೋಕೂ ಆಗದ ಸ್ಥಿತಿ ಬರುತ್ತೆ. ಕುಳಿತೇಳಲು ಕಷ್ಟಪಡುವ ಅವರನ್ನು ನೋಡಿ "ವಾಯು ಹಿಡಿದಿದೆ" ಅಂತ ಮನೆಯವರು ಎಣ್ಣೆ ತಿಕ್ಕುತ್ತಿರುತ್ತಾರೆ.

ಮಿದುಳಿಗೆ ಮೊದಲ ಪೆಟ್ಟು: ಉಸಿರು

ಓಪಿಯಾಯ್ಡ್ ನೋವು ಕಡಿಮೆ ಮಾಡುವ ಜಾಗದಲ್ಲಷ್ಟೇ ಕೆಲಸ ಮಾಡಲ್ಲ. ಮಿದುಳಿನ ಬುಡದಲ್ಲಿ, ಉಸಿರಾಟ ನಡೆಸುವ ಕೇಂದ್ರದ ಮೇಲೂ ಕೂರುತ್ತೆ. ಸಾಮಾನ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಆ ಕೇಂದ್ರ "ಉಸಿರಾಡು" ಅಂತ ಎಚ್ಚರಿಸುತ್ತೆ. ಡೋಸ್ ಹೆಚ್ಚಾದಾಗ ಆ ಎಚ್ಚರಿಕೆಯೇ ನಿಂತುಹೋಗುತ್ತೆ. ಮನುಷ್ಯ ನಿದ್ದೆ ಮಾಡುವವನಂತೆ ಕಾಣುತ್ತಲೇ ಉಸಿರು ಮರೆಯುತ್ತಾನೆ.

ಮಿದುಳಿನ ತೂಕ ನಮ್ಮ ದೇಹದ ಶೇ 2ರಷ್ಟು ಮಾತ್ರ. ಆದರೆ ಅದು ತಿನ್ನುವ ಆಮ್ಲಜನಕ ಶೇ 20ರಷ್ಟು. ಆಮ್ಲಜನಕ ಪೂರ್ತಿ ನಿಂತರೆ ನಾಲ್ಕೈದು ನಿಮಿಷದಲ್ಲೇ ಶಾಶ್ವತ ಹಾನಿ ಶುರು. ಮೊದಲು ಹಾಳಾಗುವ ಭಾಗಗಳಲ್ಲಿ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಒಂದು. ಹಾಗಾಗಿ ಬದುಕಿ ಬಂದವರಲ್ಲೂ ಕೆಲವರಿಗೆ ಬೆಳಿಗ್ಗೆ ಏನು ತಿಂದೆ ಅನ್ನೋದು ಮಧ್ಯಾಹ್ನ ನೆನಪಿರಲ್ಲ.

ಅಪರೂಪಕ್ಕೆ ಇನ್ನೂ ವಿಚಿತ್ರವಾದದ್ದು ನಡೆಯುತ್ತೆ. ಆಸ್ಪತ್ರೆಯಿಂದ ಚೆನ್ನಾಗಿಯೇ ನಡೆದುಕೊಂಡು ಮನೆಗೆ ಬಂದವನು ಒಂದೆರಡು ವಾರ ಬಿಟ್ಟು ಗೊಂದಲಕ್ಕೆ ಬೀಳ್ತಾನೆ, ಮಾತು ಕಡಿಮೆ ಆಗುತ್ತೆ, ನಡಿಗೆ ಬಿಗಿಯುತ್ತೆ. ಮಿದುಳಿನ ಒಳಗಿನ ತಂತಿಗಳ ಹೊದಿಕೆ ತಡವಾಗಿ ಹಾಳಾಗಿರುತ್ತೆ. ಮನೆಯವರು ಇದನ್ನು "ಮತ್ತೆ ಶುರು ಹಚ್ಚಿಕೊಂಡಾನ" ಅಂದುಕೊಂಡು ಬೈತಾರೆ. ಬೈಯೋ ಮೊದಲು ಎಂಆರ್‌ಐ ಮಾಡಿಸಬೇಕಾದ ಸಂದರ್ಭ ಇದು.

ಗುರುತಿಸೋದು ಹೇಗೆ? ಮೂರು ಲಕ್ಷಣ ನೆನಪಿಡಿ: ಎಬ್ಬಿಸಿದರೂ ಏಳದ ಮಂಪರು, ತೀರಾ ನಿಧಾನವಾದ ಅಥವಾ ತಡೆತಡೆದು ಬರುವ ಉಸಿರು, ಸೂಜಿಮೊನೆಯಷ್ಟು ಚಿಕ್ಕದಾದ ಕಣ್ಣಿನ ಪಾಪೆ. ಗೊರಗೊರ ಗೊರಕೆ ಕೇಳಿದರೆ "ಚೆನ್ನಾಗಿ ಮಲಗಿದಾನೆ" ಅಂದುಕೊಳ್ಳಬೇಡಿ, ಗಂಟಲಿನ ದಾರಿ ಮುಚ್ಚುತ್ತಿರುವ ಸದ್ದು ಅದಾಗಿರಬಹುದು. 108ಕ್ಕೆ ಫೋನ್ ಮಾಡಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿ ಬಂದರೆ ಹೊರಗೆ ಹೋಗಲಿ. ಉಸಿರು ನಿಂತಿದ್ದರೆ ಕೃತಕ ಉಸಿರು, ಎದೆ ಒತ್ತುವುದು ಶುರು ಮಾಡಿ. ತಣ್ಣೀರು ಸುರಿಯೋದು, ಉಪ್ಪುನೀರು ಕುಡಿಸೋದು ಬೇಡ.

ಆಸ್ಪತ್ರೆಯಲ್ಲಿ ಕೊಡುವ ನ್ಯಾಲೊಕ್ಸೋನ್ ಅನ್ನೋ ಇಂಜೆಕ್ಷನ್ ಕೆಲವೇ ನಿಮಿಷದಲ್ಲಿ ಉಸಿರನ್ನು ವಾಪಸ್ ತರಬಲ್ಲದು. ಆದರೆ ಅದರ ಪರಿಣಾಮ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮಾತ್ರ. ನಶೆಯ ಔಷಧ ಅದಕ್ಕಿಂತ ಹೆಚ್ಚು ಹೊತ್ತು ದೇಹದಲ್ಲಿರುತ್ತೆ. ಎಚ್ಚರ ಆಯ್ತು ಅಂತ ಎಬ್ಬಿಸಿ ಬೈಕ್ ಹತ್ತಿಸಿಕೊಂಡು ಬಂದರೆ ದಾರಿಯಲ್ಲೇ ಮತ್ತೆ ಉಸಿರು ನಿಲ್ಲಬಹುದು.

ಮಾತ್ರೆ ಹೊಟ್ಟೆಗೆ, ರಕ್ತನಾಳಕ್ಕಲ್ಲ

ಮಾತ್ರೆಯಲ್ಲಿ ಔಷಧದ ಜೊತೆ ಟಾಲ್ಕ್, ಪಿಷ್ಟ, ಸೆಲ್ಯುಲೋಸ್ ಇರುತ್ತವೆ. ಹೊಟ್ಟೆಗೆ ಹೋದರೆ ತೊಂದರೆಯಿಲ್ಲ. ರಕ್ತಕ್ಕೆ ಹೋದರೆ ಇವು ಕರಗಲ್ಲ. ಹೆಚ್ಚಿನವು ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಹಾಕಿಕೊಂಡು ಅಲ್ಲೇ ಗಾಯ ಮಾಡುತ್ತವೆ. ಕೆಲವು ದಾಟಿ ಕಣ್ಣಿನ ರೆಟಿನಾದವರೆಗೂ ಹೋದದ್ದನ್ನು ನೇತ್ರತಜ್ಞರು ಕಂಡಿದ್ದಾರೆ. ಅಪ್ಪಿತಪ್ಪಿ ಸೂಜಿ ಅಪಧಮನಿಗೆ ಹೋದರೆ ಬೆರಳು, ಅಂಗೈ ಕೊಳೆತು ಕತ್ತರಿಸಬೇಕಾದ ಪರಿಸ್ಥಿತಿ ಬರಬಹುದು.

ಅದಕ್ಕಿಂತ ದೊಡ್ಡ ಅಪಾಯ ಬ್ಯಾಕ್ಟೀರಿಯಾ. ಅನೇಕರ ಚರ್ಮದ ಮೇಲೆ ಇರುವ ಸ್ಟಫೈಲೊಕಾಕಸ್ ಆರಿಯಸ್ ಸೂಜಿಯ ಜೊತೆ ಒಳಗೆ ಹೋಗಿ ಹೃದಯದ ಕವಾಟದ ಮೇಲೆ ಗೂಡು ಕಟ್ಟುತ್ತೆ. ಎಡಭಾಗದ ಕವಾಟವಾದರೆ ಅಲ್ಲಿಂದ ಚೂರೊಂದು ಕಿತ್ತು ನೇರ ಮಿದುಳಿಗೆ ಹೋಗಬಹುದು. ಆಗ 24ರ ಹುಡುಗನಿಗೂ ಲಕ್ವ ಹೊಡೆಯುತ್ತೆ. ಕೆಲವೊಮ್ಮೆ ಸೋಂಕಿನಿಂದ ಮಿದುಳಿನ ರಕ್ತನಾಳದ ಗೋಡೆ ಬಲೂನಿನಂತೆ ಉಬ್ಬಿ ಒಡೆಯುತ್ತೆ.

ಇಲ್ಲಿ ಒಂದು ಮುಖ್ಯ ವಿಷಯ ಇದೆ, ದಯವಿಟ್ಟು ಗಮನ ಕೊಡಿ. ಸಾಮಾನ್ಯ ಲಕ್ವದಲ್ಲಿ ನಾಲ್ಕೂವರೆ ಗಂಟೆಯೊಳಗೆ ಆಸ್ಪತ್ರೆ ತಲುಪಿದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು, ಅದು ಎಷ್ಟೋ ಜನರ ಕೈಕಾಲು ಉಳಿಸಿದೆ. ಆದರೆ ಹೃದಯದ ಕವಾಟದ ಸೋಂಕಿನಿಂದ ಬಂದ ಲಕ್ವದಲ್ಲಿ ಅದೇ ಇಂಜೆಕ್ಷನ್ ಮಿದುಳಿನಲ್ಲಿ ರಕ್ತಸ್ರಾವ ಮಾಡಿಸಬಹುದು. ಅದಕ್ಕೇ ಅಂಥವರಿಗೆ ಅದನ್ನು ಕೊಡಬಾರದು ಅನ್ನುತ್ತವೆ ಮಾರ್ಗಸೂಚಿಗಳು. ಎಮರ್ಜೆನ್ಸಿಯಲ್ಲಿ ನಿಂತ ವೈದ್ಯರಿಗೆ ಯೋಚಿಸೋಕೆ ಸಿಗೋದು ಕೆಲವು ನಿಮಿಷ. "ಸೂಜಿ ತಗೋತಿದ್ದ" ಅನ್ನೋ ಮಾತು ಆ ಹೊತ್ತಿಗೆ ಅವರ ಕಿವಿಗೆ ಬಿದ್ದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತೆ. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ, ಉಳಿಸಬೇಕಾದ ಔಷಧವೇ ಮುಳುವಾಗಬಹುದು.

ಬೆನ್ನು ನೋವು ಯಾವಾಗ ಬರೀ ಬೆನ್ನು ನೋವಲ್ಲ?

ಬೆನ್ನುಹುರಿಯ ಸುತ್ತಲಿನ ಜಾಗದಲ್ಲಿ ಕೀವು ತುಂಬಿಕೊಳ್ಳೋದಕ್ಕೆ ಎಪಿಡ್ಯೂರಲ್ ಆಬ್ಸೆಸ್ ಅಂತಾರೆ. ಸೂಜಿ ಬಳಸುವವರಲ್ಲಿ ಇದರ ಅಪಾಯ ಹೆಚ್ಚು. ಇದು ಹಂತಹಂತವಾಗಿ ಬರುತ್ತೆ. ಮೊದಲು ಬೆನ್ನಿನ ಒಂದೇ ಜಾಗದಲ್ಲಿ ನೋವು, ತಟ್ಟಿದರೆ ಜೀವ ಹೋಗುವಷ್ಟು. ಆಮೇಲೆ ಕರೆಂಟ್ ಹೊಡೆದ ಹಾಗೆ ಕಾಲಿಗೋ ಪಕ್ಕೆಗೋ ಇಳಿಯುವ ನೋವು. ಮೂರನೇ ಹಂತದಲ್ಲಿ ಕಾಲು ಸೋಲೋದು, ಮರಗಟ್ಟೋದು, ಮೂತ್ರ ಕಟ್ಟೋದು. ಕೊನೆಗೆ ಪೂರ್ತಿ ಪಾರ್ಶ್ವವಾಯು. ಎರಡನೇ ಹಂತದಿಂದ ನಾಲ್ಕಕ್ಕೆ ಹೋಗೋಕೆ ಕೆಲವು ಸಲ ಒಂದೇ ದಿನ ಸಾಕು.

ಜ್ವರ ಎಲ್ಲರಿಗೂ ಇರಲೇಬೇಕೆಂದಿಲ್ಲ. ಅದೇ ಇಲ್ಲಿ ಮೋಸ ಮಾಡುವ ಸಂಗತಿ. ಎಕ್ಸ್-ರೇಯಲ್ಲಿ ಏನೂ ಕಾಣದೇ ಹೋಗಬಹುದು, ಎಂಆರ್‌ಐ ಬೇಕು. ಕಾಲಿನ ಶಕ್ತಿ ಹೋಗುವ ಮೊದಲೇ ಕೀವು ತೆಗೆದು ವಾರಗಟ್ಟಲೆ ಆಂಟಿಬಯಾಟಿಕ್ ಕೊಟ್ಟರೆ ಮೊದಲಿನಂತೆ ನಡೆಯಬಹುದು. ಪೂರ್ತಿ ಶಕ್ತಿ ಹೋಗಿ ಒಂದೂವರೆ ದಿನ ಕಳೆದರೆ ವಾಪಸ್ ಬರುವ ಸಾಧ್ಯತೆ ತೀರಾ ಕಡಿಮೆ.

ಈ ಲೆಕ್ಕವನ್ನು ಶಿಗ್ಗಾವಿ ತಾಲ್ಲೂಕಿನ ದುಂಡಸಿಯಂಥ ಊರಿಗೆ ಹಾಕಿ ನೋಡಿ. ಆ ಊರಿನಲ್ಲಿ ಈ ಚಟ ಇದೆ ಅಂತ ಬೆರಳು ತೋರಿಸೋಕಲ್ಲ. ಅಲ್ಲಿನ ದೂರದ ಲೆಕ್ಕ ಉತ್ತರ ಕರ್ನಾಟಕದ ನೂರಾರು ಹಳ್ಳಿಗೆ ಅನ್ವಯ ಆಗುತ್ತೆ. ಮೊದಲ ದಿನ ಊರಲ್ಲೇ ಒಂದು ಇಂಜೆಕ್ಷನ್. ಎರಡನೇ ದಿನ ನರ ತಿಕ್ಕುವವರ ಹತ್ತಿರ. ಮೂರನೇ ದಿನ ಶಿಗ್ಗಾವಿಯ ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಹೆದ್ದಾರಿ ಹಿಡಿದು ಸುಮಾರು 40 ಕಿ.ಮೀ. ದೂರದ ಹುಬ್ಬಳ್ಳಿಗೆ. ನೋಡಿ, ರಸ್ತೆಯಲ್ಲಿ ಹೋದದ್ದು ಒಂದು ಗಂಟೆ, "ನಾಳೆ ನೋಡೋಣ" ಅನ್ನೋದರಲ್ಲಿ ಹೋದದ್ದು ಎರಡು ದಿನ. ಮೊದಲ ದಿನವೇ ಯಾರಾದರೂ ಸೂಜಿಯ ವಿಷಯ ಬಾಯಿಬಿಟ್ಟಿದ್ದರೆ ಅದೇ ಸಂಜೆ ಅವನು ಹುಬ್ಬಳ್ಳಿಯಲ್ಲಿರುತ್ತಿದ್ದ.

ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವೂ ಸಾಮಾನ್ಯ. ಅದೂ ಹೀಗೆಯೇ ಬೆನ್ನು ನೋವು, ಜ್ವರ ತರುತ್ತೆ, ಆದರೆ ವಾರಗಳು, ತಿಂಗಳುಗಳ ಲೆಕ್ಕದಲ್ಲಿ. ಯಾವುದು ಅಂತ ಹೇಳಬೇಕಾದವರು ವೈದ್ಯರು. ಅವರಿಗೆ ಪೂರ್ತಿ ಮಾಹಿತಿ ಕೊಡಬೇಕಾದವರು ನಾವು.

ಬೆಳಿಗ್ಗೆ ಎದ್ದಾಗ ಮಣಿಕಟ್ಟು ಜೋತುಬಿದ್ದರೆ

ನಶೆಯಲ್ಲಿ ಅದೇ ಭಂಗಿಯಲ್ಲಿ ಗಂಟೆಗಟ್ಟಲೆ ಬಿದ್ದವನಿಗೆ ತೋಳಿನ ಕೆಳಗೆ ಹಾಯುವ ರೇಡಿಯಲ್ ನರ ಒತ್ತಿಹೋಗುತ್ತೆ. ಎದ್ದಾಗ ಮಣಿಕಟ್ಟು ಮೇಲೆತ್ತೋಕೆ ಆಗಲ್ಲ. ಹೆಚ್ಚಿನವರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತೆ. ಆದರೆ ಜೊತೆಗೆ ತೊಡೆ, ತೋಳು ಕಲ್ಲಿನಂತೆ ಊದಿಕೊಂಡು, ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿದ್ದರೆ ಅದು ತುರ್ತು. ನಜ್ಜಿದ ಸ್ನಾಯುವಿನ ಅಂಶ ರಕ್ತ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತಿರುತ್ತೆ.

ಫಿಟ್ಸ್ ಕೂಡ ಬರುತ್ತೆ. ಟ್ರಮಡಾಲ್‌ಗೆ ಈ ಗುಣ ಕುಖ್ಯಾತ, ಟಪೆಂಟಾಡಾಲ್‌ನಲ್ಲೂ ಕಂಡಿದೆ. ಕುಡಿತ ಅಥವಾ ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ಟ್ರಮಡಾಲ್ ಅನ್ನು 2018ರಲ್ಲಿ ಎನ್‌ಡಿಪಿಎಸ್ ಕಾಯ್ದೆಯಡಿ ತಂದರು. ಮೊದಲ ಸಲ ಫಿಟ್ಸ್ ಬಂದ ಹುಡುಗನಿಗೆ "ಯಾವ ಮಾತ್ರೆ ತಗೋತಿದ್ದಿ" ಅಂತ ಕೇಳದೇ ಹೋದರೆ, ಬೇಡದ ಫಿಟ್ಸ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಬೇಕಾದೀತು.

ಗಾಯದಲ್ಲಿ ಬೆಳೆಯುವ ವಿಷಗಳೂ ಇವೆ. ಚುಚ್ಚಿದ ಜಾಗದಿಂದ ಧನುರ್ವಾಯು ಬರಬಹುದು, ದವಡೆ ಬಿಗಿಯುತ್ತೆ. ಬೊಟುಲಿಸಂ ಇದಕ್ಕೆ ತದ್ವಿರುದ್ಧ: ಎರಡೆರಡು ಕಾಣುತ್ತೆ, ರೆಪ್ಪೆ ಇಳಿಯುತ್ತೆ, ನುಂಗೋಕೆ ಆಗಲ್ಲ, ನಿಶ್ಶಕ್ತಿ ಮುಖದಿಂದ ಕೆಳಕ್ಕೆ ಇಳಿಯುತ್ತೆ. ಸ್ಕಾಟ್ಲೆಂಡ್‌ನಲ್ಲಿ 2014ರ ಕೊನೆಯಿಂದ 2015ರವರೆಗೆ ಸೂಜಿಯಲ್ಲಿ ಹೆರಾಯಿನ್ ತಗೊಂಡ ಸುಮಾರು 40 ಜನ ಹೀಗೆ ಆಸ್ಪತ್ರೆ ಸೇರಿದ್ದರು.

ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ. ಎಚ್‌ಐವಿ ಹಳೆಯದಾದಂತೆ ಮಿದುಳಿನ ಪೊರೆಗೆ ಫಂಗಸ್, ಕ್ಷಯದ ಸೋಂಕು ತಗಲುತ್ತೆ, ತಿಂಗಳುಗಟ್ಟಲೆ ತಲೆನೋವು ಅದರ ಮೊದಲ ಸೂಚನೆ ಆಗಿರಬಹುದು. ಇವೆರಡಕ್ಕೂ ಸರ್ಕಾರಿ ವ್ಯವಸ್ಥೆಯಲ್ಲಿ ಪರೀಕ್ಷೆ, ಔಷಧ ಉಚಿತ.

ಕ್ಯಾಲಿಫೋರ್ನಿಯಾದ ಕಥೆ

1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳಿಗೆ ಕೆಲವು ಯುವಕ ಯುವತಿಯರು ಬಂದರು. ಕಣ್ಣು ಬಿಟ್ಟಿದ್ದಾರೆ, ಆದರೆ ಅಲುಗಾಡುತ್ತಿಲ್ಲ, ಮಾತಿಲ್ಲ. ನೋಡೋಕೆ 70ರ ವಯಸ್ಸಿನ ಪಾರ್ಕಿನ್ಸನ್ ರೋಗಿಯ ಹಾಗೆ. ನರತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು ಬೆನ್ನುಹತ್ತಿದಾಗ ತಿಳಿದದ್ದು: ಎಲ್ಲರೂ "ಕೃತಕ ಹೆರಾಯಿನ್" ಅಂತ ಮಾರುತ್ತಿದ್ದ ಪುಡಿಯನ್ನು ಚುಚ್ಚಿಕೊಂಡಿದ್ದರು. ಕಳ್ಳ ಲ್ಯಾಬಿನಲ್ಲಿ ತಯಾರಿಸುವಾಗ ಅದರಲ್ಲಿ ಎಂಪಿಟಿಪಿ ಅನ್ನೋ ಕಲ್ಮಶ ಸೇರಿತ್ತು. ಅದು ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳನ್ನೇ ಹುಡುಕಿ ಕೊಂದಿತ್ತು. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾದಿಂದ ಅವರು ಮತ್ತೆ ಅಲುಗಾಡಿದರು, ಆದರೆ ಸತ್ತ ಕೋಶಗಳು ಮರಳಲಿಲ್ಲ. ಮುಂದೆ ಇದೇ ರಾಸಾಯನಿಕ ಪಾರ್ಕಿನ್ಸನ್ ಸಂಶೋಧನೆಗೆ ಮುಖ್ಯ ಸಾಧನವಾಯ್ತು.

ಇದನ್ನು ಹೇಳಿದ್ದು ಹೆದರಿಸೋಕಲ್ಲ. ಕೈಯಿಂದ ಕೈಗೆ ಬಂದ ಪುಡಿ, ಮಾತ್ರೆಯಲ್ಲಿ ಏನಿದೆ ಅನ್ನೋದು ಮಾರುವವನಿಗೂ ಗೊತ್ತಿರಲ್ಲ.

ಬಿಡಿಸೋದು ಹೇಗೆ?

"ಕೋಣೆಯಲ್ಲಿ ಕೂಡಿಹಾಕಿದರೆ ಹದಿನೈದು ದಿನಕ್ಕೆ ಬಿಡ್ತಾನೆ" ಅನ್ನೋ ನಂಬಿಕೆ ಬಿಡಿ. ಕೂಡಿಹಾಕಿದರೆ ಮೈಕೈ ನೋವು, ಭೇದಿ, ನಿದ್ದೆಗೇಡು ಮುಗಿದು ದೇಹದ ತಾಳಿಕೆ ಶಕ್ತಿ ಇಳಿಯುತ್ತೆ. ಹೊರಗೆ ಬಂದ ದಿನ ಹಳೆಯ ಡೋಸನ್ನೇ ತಗೊಂಡರೆ ಅದು ಈಗ ಅವನಿಗೆ ಅತಿಯಾದ ಡೋಸ್. ಚಟ ಬಿಟ್ಟ ಮೊದಲ ವಾರಗಳೇ ಸಾವಿಗೆ ಅತಿ ಹತ್ತಿರದ ವಾರಗಳು ಅನ್ನೋದು ವೈದ್ಯರಿಗೆ ಚೆನ್ನಾಗಿ ಗೊತ್ತು.

ಚಿಕಿತ್ಸೆ ಇದೆ. ಬ್ಯುಪ್ರೆನಾರ್ಫಿನ್‌ನಂಥ ಔಷಧವನ್ನು ವೈದ್ಯರ ನಿಗಾದಲ್ಲಿ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವುದರಿಂದ ಚಡಪಡಿಕೆ ನಿಲ್ಲುತ್ತೆ, ಸೂಜಿ ಬಿಡುತ್ತೆ, ಕೆಲಸಕ್ಕೆ ಹೋಗಬಹುದು. "ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದ್ರಲ್ಲಾ" ಅಂತ ಕೆಲವರು ಕೇಳ್ತಾರೆ. ಬಿಪಿ ಮಾತ್ರೆಯನ್ನು ಚಟ ಅನ್ನಲ್ಲ ಅಲ್ವಾ? ಇದೂ ಹಾಗೇ, ಕೆಲವರಿಗೆ ತಿಂಗಳುಗಳು, ಕೆಲವರಿಗೆ ವರ್ಷಗಳು ಬೇಕಾಗುತ್ತೆ.

ಹಾವೇರಿ, ಶಿಗ್ಗಾವಿ ಕಡೆಯವರಿಗೆ ಹತ್ತಿರದ ದೊಡ್ಡ ಸರ್ಕಾರಿ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ಬೆಂಗಳೂರಿನವರಿಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ. ಫೋನಿನಲ್ಲೇ ಮಾತಾಡಬೇಕಾದರೆ ಟೆಲಿ ಮಾನಸ್ 14416, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೇ ಮೀಸಲಾದ ರಾಷ್ಟ್ರೀಯ ಸಹಾಯವಾಣಿ 14446.

ಪೊಲೀಸ್ ಕೇಸ್ ಆಗಲ್ವಾ?

ಮನೆಯವರು ಆಸ್ಪತ್ರೆಗೆ ಹೋಗೋಕೆ ಹಿಂಜರಿಯೋದು ಇದಕ್ಕೇ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಮಾಡಿದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಒಳಗೊಳ್ಳುತ್ತೆ, ಚಿಕಿತ್ಸೆಯ ಮಾಹಿತಿ ಗೋಪ್ಯವಾಗಿ ಇಡಬೇಕು ಅನ್ನುತ್ತೆ. ಸರಪಳಿ ಹಾಕಿ ಕಟ್ಟುವುದನ್ನು ಪೂರ್ತಿ ನಿಷೇಧಿಸಿದೆ. ಯಾವುದಾದರೂ ಖಾಸಗಿ ಕೇಂದ್ರದಲ್ಲಿ ಹೊಡೆತ, ಕಟ್ಟಿಹಾಕುವುದು ಕಂಡರೆ ಅದು ಚಿಕಿತ್ಸೆ ಅಲ್ಲ, ಅಪರಾಧ.

ಇವತ್ತೇ ಮಾಡಬಹುದಾದದ್ದು

ಅಜ್ಜಿಯ ಆಪರೇಷನ್ನಿಗೆ ತಂದ ನೋವಿನ ಮಾತ್ರೆಗಳು ಕಪಾಟಿನಲ್ಲಿ ಉಳಿದಿವೆಯಾ ನೋಡಿ, ಎಣಿಸಿ, ಬೀಗ ಹಾಕಿ ಅಥವಾ ಮೆಡಿಕಲ್ ಶಾಪಿನಲ್ಲಿ ಕೇಳಿ ವಿಲೇವಾರಿ ಮಾಡಿ.

ಬೇಸಿಗೆಯಲ್ಲೂ ಪೂರ್ತಿ ತೋಳಿನ ಅಂಗಿ, ಬಾತ್‌ರೂಮಿನಲ್ಲಿ ಗಂಟೆಗಟ್ಟಲೆ, ಸದಾ ಕಿರಿದಾದ ಪಾಪೆ, ತೂಕಡಿಕೆ, ದುಡ್ಡು ಕಾಣೆಯಾಗೋದು, ಸಿರಿಂಜಿನ ಮುಚ್ಚಳ. ಇವುಗಳಲ್ಲಿ ಒಂದೇ ಕಂಡರೆ ಪತ್ತೇದಾರಿ ಶುರು ಮಾಡಬೇಡಿ. ಎರಡು ಮೂರು ಸೇರಿ ಕಂಡರೆ ಒಬ್ಬರೇ ಕೂತು, ಜಗಳವಿಲ್ಲದೆ ಕೇಳಿ.

ಅಂಥವರಿಗೆ ಜ್ವರದ ಜೊತೆ ಬೆನ್ನು ನೋವು, ಒಂದು ಕಡೆ ಕೈಕಾಲು ಸೋಲು, ಮಾತು ತೊದಲು, ದಿಢೀರ್ ತಲೆನೋವು, ಎರಡೆರಡು ಕಾಣೋದು, ಫಿಟ್ಸ್, ಮೂತ್ರ ಕಟ್ಟೋದು, ಎಬ್ಬಿಸಿದರೂ ಏಳದಿರೋದು, ಇದರಲ್ಲಿ ಯಾವುದೇ ಬಂದರೂ ಬೆಳಗಾಗಲಿ ಅಂತ ಕಾಯಬೇಡಿ. ಜೊತೆಗೆ ಹೋಗುವವರು ಖಾಲಿ ಮಾತ್ರೆ ಶೀಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಅಪ್ಪ ಅಮ್ಮನ ಎದುರು ಹೇಳೋಕೆ ಆಗದಿದ್ದರೆ ವೈದ್ಯರನ್ನು ಪಕ್ಕಕ್ಕೆ ಕರೆದು, "ಇವನು ಸೂಜಿಯಲ್ಲಿ ಈ ಮಾತ್ರೆ ತಗೋತಾನೆ, ಕೊನೆಯ ಸಲ ಇಂಥ ದಿನ" ಅಂತ ಹೇಳಿ. ಅಷ್ಟು ಹೇಳೋಕೆ ಹತ್ತು ಸೆಕೆಂಡ್ ಸಾಕು.